‘ಇಲ್ಲ’ ಮತ್ತು ‘ಅಲ್ಲ’: ನಿವೃತ್ತಿಯಾದ ಮೇಲೆ ನಾನು ಹಿಡಿದ ಸಂಶೋಧನೆ

ಧಾರವಾಡದಲ್ಲಿ 31 ವರ್ಷ ತತ್ವಶಾಸ್ತ್ರ ಪಾಠ ಮಾಡಿದೆ. ನಿವೃತ್ತಿಯಾದ ಮೇಲೆ ದೊಡ್ಡ ಗ್ರಂಥ ಬರೆಯಬೇಕು ಅಂತ ಕೂತೆ. ಭಾರತೀಯ ದರ್ಶನಗಳಲ್ಲಿ ಜ್ಞಾನ ಅಂದರೇನು ಅನ್ನುವುದು ವಿಷಯ. ಎಂಟು ತಿಂಗಳಲ್ಲಿ 40 ಪುಟ ಆಯಿತು. ತಿರುಗಿ ಓದಿದರೆ ಎಲ್ಲ ನನ್ನ ಹಳೆ ನೋಟ್ಸೇ. ಬಿಟ್ಟುಬಿಟ್ಟೆ.

ಒಂದು ದಿನ ಹುಬ್ಬಳ್ಳಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದವರು ಬಡಿಸುವವರನ್ನು ಕೇಳಿದರು: “ಅಕ್ಕಾ, ಕಾಳುಪಲ್ಯ ಐತೇನ್ರಿ?”

“ಇಲ್ರೀ.”

“ಮುಗೀತೇನ್ರಿ?”

“ಇವತ್ತ ಮಾಡೇ ಇಲ್ರೀ.”

“ಮತ್ತ ಇದು?”

“ಅದು ಕಾಳುಪಲ್ಯ ಅಲ್ರೀ, ಎಣಗಾಯಿ.”

ಅಭಾವ, ಅಂದರೆ ಇಲ್ಲದಿರುವಿಕೆ, ಅದರ ಪಾಠವನ್ನು ಗಡಿಗೆ, ಬಟ್ಟೆಯ ಉದಾಹರಣೆ ಕೊಟ್ಟು ಎಷ್ಟು ಸಲ ಹೇಳಿಕೊಟ್ಟಿದ್ದೆನೋ! ಅದೆಲ್ಲ ಅಲ್ಲಿ ನಾಲ್ಕು ಮಾತಿನಲ್ಲಿ ಬಂದುಹೋಯಿತು. ಮನೆಗೆ ಬಂದು ಅನ್ನಂಭಟ್ಟನ ‘ತರ್ಕಸಂಗ್ರಹ’ ತೆಗೆದೆ. ತರ್ಕಶಾಸ್ತ್ರದ ಮೇಲೆ 17ನೇ ಶತಮಾನದ ಸಣ್ಣ ಪುಸ್ತಕ. ಜಗತ್ತಿನಲ್ಲಿ ಇರುವುದನ್ನೆಲ್ಲ ಅದು ಏಳು ವರ್ಗ ಮಾಡುತ್ತದೆ, ಅವಕ್ಕೆ ಪದಾರ್ಥ ಅಂತ ಹೆಸರು; ಅಭಾವ ಏಳನೆಯದು. ಅಂದರೆ ಇಲ್ಲದಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದು ನಾಲ್ಕು ಬಗೆ. ಇನ್ನೂ ಮಾಡದ ಪಲ್ಯದ್ದು ಪ್ರಾಗಭಾವ. ಅದಕ್ಕೆ ಶುರು ಇಲ್ಲ, ಆದರೆ ಪಲ್ಯ ಆದ ಕೂಡಲೇ ಅದು ಮುಗಿಯುತ್ತದೆ. ತಿಂದು ತೀರಿದ ಪಲ್ಯದ್ದು ಪ್ರಧ್ವಂಸಾಭಾವ. ಅದಕ್ಕೆ ಶುರು ಇದೆ, ಕೊನೆ ಇಲ್ಲ. ನಾಳೆ ಮಾಡುವುದು ಬೇರೆ ಪಲ್ಯ, ಅಲ್ವಾ? ಗಾಳಿಗೆ ಬಣ್ಣ ಇಲ್ಲ ಅನ್ನುವುದು ಅತ್ಯಂತಾಭಾವ. ಎಣಗಾಯಿ ಕಾಳುಪಲ್ಯ ಅಲ್ಲ ಅನ್ನುವುದು ಅನ್ಯೋನ್ಯಾಭಾವ.

ನ್ಯಾಯ ದರ್ಶನದವರು ಮೊದಲ ಮೂರನ್ನು ಒಂದು ಗುಂಪು ಮಾಡಿ ಸಂಸರ್ಗಾಭಾವ (ಒಂದರಲ್ಲಿ ಇನ್ನೊಂದು ಇಲ್ಲ) ಅನ್ನುತ್ತಾರೆ, ನಾಲ್ಕನೆಯದನ್ನು (ಒಂದು ಇನ್ನೊಂದಲ್ಲ) ಬೇರೆ ಇಡುತ್ತಾರೆ. ಸಂಸ್ಕೃತದಲ್ಲಿ ಎರಡು ಕಡೆಯೂ ‘ನ’ ಒಂದೇ. ಕನ್ನಡದಲ್ಲಿ ಮೊದಲ ಗುಂಪಿಗೆ ‘ಇಲ್ಲ’, ನಾಲ್ಕನೆಯದಕ್ಕೆ ‘ಅಲ್ಲ’! ನನಗೆ ರಾತ್ರಿ ನಿದ್ದೆ ಬರಲಿಲ್ಲ. ಗ್ರಂಥ ಬೇಡ, ಈ ಎರಡು ಪದ ಸಾಕು ಅನಿಸಿತು.

ಅವತ್ತಿನಿಂದ ಜೇಬಿನಲ್ಲಿ ಚೀಟಿ ಇಟ್ಟುಕೊಂಡೆ. ಚಿಗರಿ ಬಸ್ಸಿನಲ್ಲಿ, ಕಾಯಿಪಲ್ಯೆ ಮಾರುಕಟ್ಟೆಯಲ್ಲಿ, ಗದಗಿನ ಬೀಗರ ಮನೆಯಲ್ಲಿ ಕೇಳಿದ ವಾಕ್ಯವನ್ನು ಹಾಗೇ ಬರೆಯುವುದು. ಕೆಳಗೆ ಊರಿನ ಹೆಸರು. ಯಾವ ಅಭಾವ ಅನ್ನುವುದನ್ನು ಚೀಟಿಯ ಹಿಂದೆ, ಮನೆಗೆ ಬಂದ ಮೇಲೆಯೇ ಬರೆಯುತ್ತೇನೆ. ಕೇಳುವಾಗಲೇ ಹೆಸರು ಹಚ್ಚಿದರೆ ನಮಗೆ ಬೇಕಾದ್ದು ಮಾತ್ರ ಕಿವಿಗೆ ಬೀಳುತ್ತದೆ.

ಮೊದಲ ಲೇಖನವನ್ನು ಒಂದು ಪತ್ರಿಕೆಯವರು ವಾಪಸ್ ಕಳಿಸಿದರು. ವ್ಯಾಕರಣವನ್ನೇ ತತ್ವಶಾಸ್ತ್ರ ಅಂದುಕೊಂಡಿದ್ದೀರಿ ಅಂತ ಬರೆದಿದ್ದರು. ಬಹಳ ಬೇಜಾರಾಯಿತು. ಆದರೆ ಆ ಮಾತು ಅರ್ಧ ನಿಜ. ಭಾಷೆಯಲ್ಲಿ ಎರಡು ಪದ ಇದ್ದರೆ ಜಗತ್ತಿನಲ್ಲೂ ಎರಡು ಅಭಾವ ಇವೆ ಅಂತ ಆಗುವುದಿಲ್ಲ. ಎಲ್ಲಿ ಹುಡುಕಬೇಕು ಅನ್ನುವುದನ್ನು ಭಾಷೆ ತೋರಿಸುತ್ತದೆ, ಅಷ್ಟೇ. ಚೀಟಿಗಳನ್ನು ಮತ್ತೆ ಹರಡಿಕೊಂಡು ಕೂತೆ. ಬೆಂಗಳೂರಿನ ಅಳಿಯ ಹೇಳಿದ “ನಾನು ಬರಲ್ಲ” ಅನ್ನುವುದನ್ನು ಕಿವಿ ನಂಬಿ ‘ಅಲ್ಲ’ದ ಕಟ್ಟಿಗೆ ಹಾಕಿದ್ದೆ. ಅದು ‘ಬರುವುದಿಲ್ಲ’ ಸವೆದು ಆದದ್ದು. ನಮ್ಮ ಕಡೆಯ ‘ಬರಂಗಿಲ್ಲ’ದಲ್ಲಿ ‘ಇಲ್ಲ’ ಇಡಿಯಾಗಿ ಉಳಿದಿದೆ. ಅಂಥವು 20 ಚೀಟಿ ಸಿಕ್ಕವು. ಎಲ್ಲವನ್ನೂ ಬದಲಿಸಿದೆ.

ಈಗ ಕೂತಿರುವುದು ಇನ್ನೊಂದು ಪ್ರಶ್ನೆಯ ಮುಂದೆ. ಒಂದು ವಸ್ತು ಇಲ್ಲ ಅನ್ನುವುದು ನಮಗೆ ಗೊತ್ತಾಗುವುದು ಹೇಗೆ? ಕಣ್ಣಿನಿಂದಲೇ ಅಂತಾರೆ ನ್ಯಾಯದವರು. ಮೀಮಾಂಸಾ ದರ್ಶನದ ಕುಮಾರಿಲ ಭಟ್ಟ ಒಪ್ಪುವುದಿಲ್ಲ. ಅದಕ್ಕೆ ಬೇರೆ ಪ್ರಮಾಣವೇ, ಅಂದರೆ ತಿಳಿಯುವ ಬೇರೆ ದಾರಿಯೇ ಬೇಕು, ಅದು ಅನುಪಲಬ್ಧಿ (ಸಿಗದಿರುವುದು, ಕಾಣದಿರುವುದು) ಅನ್ನುತ್ತಾನೆ. ಅದಕ್ಕೊಂದು ಷರತ್ತೂ ಇದೆ: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂತಿರಬೇಕು. ಕತ್ತಲೆಯಲ್ಲಿ ಕಾಣದಿದ್ದರೆ ಅದು ಲೆಕ್ಕಕ್ಕಿಲ್ಲ.

ಮೊನ್ನೆ ಸಂಜೆ ಕರೆಂಟ್ ಹೋಗಿತ್ತು. ಮನೆಯಾಕೆ ಕಡ್ಡಿಪೆಟ್ಟಿಗೆ ಕೇಳಿದಳು. ಕಪಾಟಿನಲ್ಲಿ ಕೈಯಾಡಿಸಿ “ಇಲ್ಲ” ಅಂದೆ.

“ಕತ್ತಲಾಗ ಇಲ್ಲ ಅಂತ ಹೆಂಗ ಅಂತೀರಿ? ಕಾಣವಲ್ದು ಅನ್ರಿ.”

ಕಾಣವಲ್ದು. ಕಾಣಲು ಒಲ್ಲದು. ‘ಇಲ್ಲ’ವೂ ಅಲ್ಲ, ‘ಅಲ್ಲ’ವೂ ಅಲ್ಲ. ದೀಪ ಬಂದ ಮೇಲೆ ಅದನ್ನು ಚೀಟಿಯಲ್ಲಿ ಬರೆದೆ. ಕೆಳಗೆ ‘ಧಾರವಾಡ, ನಮ್ಮ ಮನೆ’ ಅಂತ ಹಾಕಿ ಮೂರನೇ ಕಟ್ಟು ಶುರು ಮಾಡಿದೆ.