ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದದ್ದು: ಸಾಲ ಇಳಿಸಿದ ನನ್ನ ಅನುಭವ

ಮನೆಖರ್ಚು ಕಡಿಮೆ ಮಾಡುವ ಬಗ್ಗೆ ಕೇಳಿಬರುವ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಸಂಬಳವನ್ನು ಇಂತಿಷ್ಟು ಪಾಲು ಮಾಡಬೇಕೆಂದು ಹೇಳುತ್ತವೆ. ಉಡುಪಿಯ ಪರ್ಕಳದಲ್ಲಿರುವ ನಮ್ಮ ಮನೆಗೆ ಆ ಕ್ರಮ ಹೊಂದಿಕೆಯಾಗಲಿಲ್ಲ. ನಾನು ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಯಜಮಾನರು ಎಲೆಕ್ಟ್ರಿಶಿಯನ್. ಮಳೆ ಹಿಡಿದು ಕಟ್ಟಡದ ಕೆಲಸಗಳು ನಿಂತರೆ ಅವರ ಸಂಪಾದನೆ ಅರ್ಧಕ್ಕೆ ಇಳಿಯುತ್ತದೆ. ಅದೇ ಜೂನ್ ತಿಂಗಳಿನಲ್ಲಿ ಮಕ್ಕಳ ಶಾಲೆ ಶುರುವಾಗಿ ಫೀಸು, ಪುಸ್ತಕ, ಸಮವಸ್ತ್ರ, ಕೊಡೆ, ರೈನ್‌ಕೋಟುಗಳ ಖರ್ಚು ಒಟ್ಟಿಗೇ ಬಂದು ನಿಲ್ಲುತ್ತದೆ. ನಮ್ಮ ಸಾಲಗಳ ಮೂಲವನ್ನು ಹುಡುಕುತ್ತಾ ಹೋದಾಗ ಅಕ್ಕಿ, ತರಕಾರಿ, ಹಾಲಿನ ಖರ್ಚಿನಿಂದ ಹುಟ್ಟಿದ ಸಾಲ ಒಂದೂ ಇರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಬರುವ, ಆದರೆ ಪ್ರತಿ ವರ್ಷವೂ ತಪ್ಪದೆ ಬರುವ ಖರ್ಚುಗಳೇ, ಮನೆ ಮತ್ತು ಸ್ಕೂಟರಿನ ಸಾಲ ಬಿಟ್ಟರೆ, ಉಳಿದೆಲ್ಲದರ ಹಿಂದೆ ಇದ್ದವು.

ಹಾಗಾಗಿ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಪುಟ ಮಾಡಿ, ಹಿಂದಿನ ವರ್ಷದ ಬ್ಯಾಂಕ್ ಪಾಸ್‌ಬುಕ್ಕನ್ನೂ ಫೋನಿನ ಯುಪಿಐ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು, ದಿನನಿತ್ಯದ್ದಲ್ಲದ ಖರ್ಚುಗಳನ್ನು ಮಾತ್ರ ಆಯಾ ಪುಟಕ್ಕೆ ಬರೆದೆ. ಏಪ್ರಿಲ್‌ನಲ್ಲಿ ಮನೆ ತೆರಿಗೆ ಬಂತು. ಅದೇ ತಿಂಗಳೊಳಗೆ ಕಟ್ಟಿದರೆ ನಗರಸಭೆ ಶೇಕಡಾ 5 ರಿಯಾಯಿತಿ ಕೊಡುತ್ತದೆ. ಮೇ ಪುಟಕ್ಕೆ ಮಳೆಗಿಂತ ಮುಂಚೆ ಆಗಲೇಬೇಕಾದ ಹಂಚಿನ ರಿಪೇರಿ ಮತ್ತು ಎರಡು ಮದುವೆ, ಜೂನ್ ಪುಟಕ್ಕೆ ಶಾಲೆ, ಮುಂದೆ ಚೌತಿ, ದೀಪಾವಳಿ, ಸ್ಕೂಟರಿನ ವಿಮೆ, ಊರಿನ ದೈವದ ನೇಮಕ್ಕೆ ನಮ್ಮ ಪಾಲು ಸೇರಿದವು. ಎಲ್ಲ ಕೂಡಿಸಿದಾಗ 58,000 ರೂಪಾಯಿಯ ಆಸುಪಾಸು ಆಯಿತು. ಈ ಮೊತ್ತಕ್ಕೆ ನಾವು ಎಂದೂ ಮೊದಲೇ ಹಣ ತೆಗೆದಿಟ್ಟವರಲ್ಲ. ಪ್ರತಿ ವರ್ಷ ಅದು ಕ್ರೆಡಿಟ್ ಕಾರ್ಡಿನಲ್ಲೋ, ಕಂತಿನ ಖರೀದಿಯಲ್ಲೋ, ಜೀನಸು ಅಂಗಡಿಯ ಕಡದ (ಉದ್ರಿಯ) ಪುಸ್ತಕದಲ್ಲೋ ಹೋಗಿ ಕೂರುತ್ತಿತ್ತು.

ಇನ್ನು ಸಾಲಗಳ ಪಟ್ಟಿ. ಯಾವುದು ದೊಡ್ಡದು ಎಂದು ನೋಡದೆ, ನೂರು ರೂಪಾಯಿಗೆ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ ಎಂಬುದನ್ನಷ್ಟೇ ನೋಡಿ ಸಾಲಾಗಿ ಬರೆದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಕ್ರೆಡಿಟ್ ಕಾರ್ಡು. ಅದರಲ್ಲಿ 62,000 ರೂಪಾಯಿ ಬಾಕಿ ಇತ್ತು, ತಿಂಗಳಿಗೆ ಶೇಕಡಾ 3.5 ಬಡ್ಡಿ. ಅಂದರೆ ತಿಂಗಳಿಗೆ 2,170 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 2,560. ನಾವು ಕಟ್ಟುತ್ತಿದ್ದ ಕನಿಷ್ಠ ಮೊತ್ತ 3,100 ರೂಪಾಯಿ. ಹೀಗೆ ಪ್ರತಿ ತಿಂಗಳೂ ತಪ್ಪದೆ ಕಟ್ಟಿದ 3,100ರಲ್ಲಿ ಅಸಲಿಗೆ ಹೋಗುತ್ತಿದ್ದುದು 540 ರೂಪಾಯಿ ಮಾತ್ರ. ಬಾಕಿ ಉಳಿಸಿಕೊಂಡಿರುವಷ್ಟು ಕಾಲ ಹೊಸದಾಗಿ ಮಾಡುವ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ ಎಂಬ ವಿಷಯವನ್ನು ಬಿಲ್ಲಿನ ಹಿಂಬದಿಯ ಸಣ್ಣಕ್ಷರದಲ್ಲಿ ಓದಿದ ಮೇಲೆ ಕಾರ್ಡನ್ನು ಪರ್ಸಿನಿಂದ ತೆಗೆದು ಕಪಾಟಿಗೆ ಹಾಕಿದೆ.

ಈ ಬಾಕಿಯನ್ನು ತೀರಿಸಲು ನಾನು ಹಿಡಿದ ದಾರಿ ನನ್ನ ಎರಡು ಬಳೆಗಳನ್ನು ಅಡವಿಡುವುದು. ನಮ್ಮೂರ ಸಹಕಾರಿ ಸಂಘದಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ ಶೇಕಡಾ 10 ಬಡ್ಡಿ ಇತ್ತು. ಅದೇ 62,000ಕ್ಕೆ ತಿಂಗಳಿಗೆ 517 ರೂಪಾಯಿ ಬಡ್ಡಿ, ಕೈಗೆ ಬಂದಾಗಲೆಲ್ಲ ಅಸಲಿಗೆ ಸ್ವಲ್ಪ ಸ್ವಲ್ಪ ಕಟ್ಟುವ ಅವಕಾಶ ಬೇರೆ. ಕಾರ್ಡನ್ನು ಒಂದೇ ಸಲ ತೀರಿಸಿದ್ದರಿಂದ, ಅಡುಗೆಮನೆಯಲ್ಲಿ ಒಂದು ಚಮಚ ಎಣ್ಣೆಯನ್ನೂ ಉಳಿಸದೆ, ತಿಂಗಳಿಗೆ ಎರಡು ಸಾವಿರ ರೂಪಾಯಿ ಉಳಿಯಿತು. ಆದರೆ ಮನೆಯಲ್ಲಿ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಬಳೆ ಇಲ್ಲದ ಕೈಯಲ್ಲಿ ಮದುವೆ ಮನೆಗೆ ಹೋದರೆ ನಾಲ್ಕು ಜನ ಏನು ಕೇಳಿಯಾರು ಗೊತ್ತುಂಟಾ?" ಎಂದು ಅತ್ತೆ ಬೇಸರ ಮಾಡಿಕೊಂಡರು. ಕಾರ್ಡಿನ ಸಾಲ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಅದಕ್ಕೆ ನಾಚಿಕೆಯಿಲ್ಲ. ಅದರ ಕಾಲು ಭಾಗಕ್ಕಿಂತಲೂ ಕಡಿಮೆ ಬಡ್ಡಿಯ ಚಿನ್ನದ ಸಾಲಕ್ಕೆ ಮಾತ್ರ ಮರ್ಯಾದೆಯ ಪ್ರಶ್ನೆ. ನನ್ನ ಮಟ್ಟಿಗೆ ಕರಾವಳಿಯ ಅನೇಕ ಮನೆಗಳು ದುಬಾರಿ ಸಾಲದಲ್ಲಿ ಉಳಿಯಲು ಈ ನಾಚಿಕೆಯೂ ಒಂದು ಕಾರಣ. ಹಾಗೆಂದು ಚಿನ್ನದ ಸಾಲವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟದೆ ವರ್ಷದ ಕೊನೆಗೆ ನವೀಕರಿಸುತ್ತಾ ಹೋದರೆ ಬಡ್ಡಿಯೇ ಅಸಲಾಗಿ, ಕೊನೆಗೆ ಹರಾಜಿನ ನೋಟಿಸು ಬರುತ್ತದೆ. ಸಂಬಳ ಬಂದ ದಿನವೇ ಮೊದಲು ಸಂಘಕ್ಕೆ ಕಟ್ಟುವ ಶಿಸ್ತು ಇದ್ದರೆ ಮಾತ್ರ ಇದು ಒಳ್ಳೆಯ ದಾರಿ.

ಸ್ಕೂಟರಿನ ಸಾಲದ ಲೆಕ್ಕ ಬೇರೆ ಪಾಠ ಕಲಿಸಿತು. "ಬರೇ 12 ಪರ್ಸೆಂಟು" ಎಂದು ಹೇಳಿ ಕೊಟ್ಟ ಸಾಲ ಅದು. ಆದರೆ ಅದು ಫ್ಲಾಟ್ ದರ. ಅಂದರೆ ಅಸಲು ಪ್ರತಿ ತಿಂಗಳೂ ಇಳಿಯುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಲೆಕ್ಕ ಹಾಕುತ್ತಾರೆ. ಒಂದು ಲಕ್ಷವನ್ನು ಮೂರು ವರ್ಷಕ್ಕೆ ಹೀಗೆ ತೆಗೆದುಕೊಂಡರೆ ಕಂತು 3,778 ರೂಪಾಯಿ ಆಗುತ್ತದೆ. ಇಳಿಯುವ ಅಸಲಿನ ಮೇಲೆ 12 ಶೇಕಡಾ ಆಗಿದ್ದರೆ 3,321 ಸಾಕಿತ್ತು. ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಈ 12 ಎಂಬುದು ನಿಜದಲ್ಲಿ 21 ಶೇಕಡಾ. ಇದನ್ನೂ ಬೇಗ ಮುಗಿಸಿಬಿಡೋಣ ಎಂದು ಯಜಮಾನರು ಹೇಳಿದಾಗ ನಾನು ಒಪ್ಪಲಿಲ್ಲ. ಉಳಿದಿದ್ದ ಕೊನೆಯ ಕಂತುಗಳಲ್ಲಿ ಬಡ್ಡಿಯ ಪಾಲು ಆಗಲೇ ತೀರಾ ಸಣ್ಣದಾಗಿತ್ತು, ಅವಧಿಗಿಂತ ಮೊದಲು ಮುಗಿಸಿದರೆ ಪ್ರತ್ಯೇಕ ಶುಲ್ಕವೂ ಇತ್ತು. ಆ ಹಣ ಚಿನ್ನ ಬಿಡಿಸಲು ಹೋಯಿತು.

ಗೃಹಸಾಲದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಲೆಕ್ಕ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಹೇಳಿದೆ. ನಮ್ಮದು 8 ಲಕ್ಷ, 15 ವರ್ಷ, ಶೇಕಡಾ 9; ಕಂತು 8,114 ರೂಪಾಯಿ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಅವಧಿ ಸುಮಾರು ಎರಡು ವರ್ಷ ಕಡಿಮೆಯಾಗುತ್ತದೆ. ಹಾಗೆ ಕಟ್ಟುವಾಗ ಕಂತನ್ನು ಇಳಿಸದೆ ಅವಧಿಯನ್ನು ಇಳಿಸಬೇಕೆಂದು ಬರವಣಿಗೆಯಲ್ಲಿ ಕೊಡಬೇಕು, ಬಾಯಿಮಾತು ಸಾಲದು. ನಾವು ಶಾಖೆಗೆ ಹೋಗಿ ವಿವರ ಕೇಳಿದಾಗ ಇನ್ನೊಂದು ಸಂಗತಿ ಗೊತ್ತಾಯಿತು: ನಡುವೆ ದರ ಏರಿದ್ದಾಗ ಕಂತು ಹಾಗೆಯೇ ಉಳಿದು ಅವಧಿ ಮಾತ್ರ ಉದ್ದವಾಗಿತ್ತು. ದರ ಬದಲಾದಾಗ ಕಂತನ್ನು ಹೆಚ್ಚಿಸಬೇಕೋ ಅವಧಿಯನ್ನು ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆ ಸೂಚನೆಯನ್ನು ಹೆಸರಿಸಿ ಅರ್ಜಿ ಬರೆದ ಮೇಲೆ ನಮ್ಮ ಕಂತನ್ನು ಸ್ವಲ್ಪ ಏರಿಸಿ ಅವಧಿಯನ್ನು ಮೊದಲಿನ ಜಾಗಕ್ಕೆ ತಂದರು.

ಈಗ ಆ 58,000ದ ವಿಷಯ. ಇದಕ್ಕೆ ನಮ್ಮೂರಿನಲ್ಲೇ ಹುಟ್ಟಿದ ಉಪಾಯ ಉಂಟು. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಶುರುಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ, ಅಂಗಡಿಗಳಿಗೆ ಬಂದು ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಹೆಸರು ಉಳಿದುಕೊಂಡಿತು. ಇಲ್ಲಿನ ಸಹಕಾರಿ ಸಂಘಗಳ ಪಿಗ್ಮಿಯವರು ಇಂದಿಗೂ ಸಣ್ಣ ಯಂತ್ರ ಹಿಡಿದು ಬರುತ್ತಾರೆ. 58,000ವನ್ನು ದಿನಕ್ಕೆ ಹಂಚಿದರೆ 160 ರೂಪಾಯಿ. ಯಜಮಾನರಿಗೆ ದಿನಗೂಲಿಯ ಲೆಕ್ಕದಲ್ಲಿ ಹಣ ಬರುವುದರಿಂದ ತಿಂಗಳ ಕೊನೆಗೆ ಐದು ಸಾವಿರ ತೆಗೆದಿಡುವುದು ಆಗದ ಮಾತು, ಆದರೆ ಸಂಜೆ 160 ಕೊಡುವುದು ಆಗುತ್ತದೆ. ಪಿಗ್ಮಿಗೆ ಸಿಗುವ ಬಡ್ಡಿ ತೀರಾ ಕಡಿಮೆ, ಸಾಲ ಇರುವಾಗ ಠೇವಣಿ ಇಡುವುದು ದಡ್ಡತನ ಎಂದು ನನ್ನ ಸಹೋದ್ಯೋಗಿಗಳು ವಾದಿಸಿದ್ದುಂಟು. ಬರಿಯ ಬಡ್ಡಿಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಜೂನ್‌ನಲ್ಲಿ ಕೈ ಖಾಲಿಯಾಗಿ ಮತ್ತೆ ಕಾರ್ಡು ಉಜ್ಜಿದರೆ ಬೀಳುವ ಬಡ್ಡಿಯನ್ನು ಆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬ್ಯಾಂಕುಗಳಲ್ಲಿರುವ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ಸಂಘದಲ್ಲಿ ವರ್ಷದ ಖರ್ಚಿಗೆ ಬೇಕಾದಷ್ಟನ್ನೇ ಬೆಳೆಸಿ, ಅವಧಿ ಮುಗಿದ ಕೂಡಲೇ ಬಿಡಿಸಿಕೊಳ್ಳುತ್ತೇವೆ.

ದಿನದ ಖರ್ಚಿನಲ್ಲಿ ಗಮನ ಕೊಟ್ಟು ಫಲ ಕಂಡದ್ದು ವಿದ್ಯುತ್ತಿನಲ್ಲಿ. ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಮನೆಗೆ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನಾವು ದಾಟುತ್ತಿದ್ದುದು ಸ್ವಲ್ಪದರಲ್ಲೇ. ಹಳೆಯ ಫ್ಯಾನು 75 ವಾಟಿನದು, ಕಡಿಮೆ ವಿದ್ಯುತ್ತು ಬಳಸುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಎರಡು ಫ್ಯಾನುಗಳನ್ನು ಬದಲಿಸಿದ್ದರಿಂದ ತಿಂಗಳಿಗೆ ಮೂವತ್ತು ಯೂನಿಟ್ ಇಳಿಯಿತು. ಇನ್ನೊಂದು ಕಳ್ಳದಾರಿ ಬಾವಿಯ ಪಂಪಿನಲ್ಲಿತ್ತು. ಸ್ವಿಚ್ ಹಾಕಿದ ಮೇಲೆ ಟಾಂಕಿಗೆ ನೀರು ಬೀಳುವ ಸದ್ದು ಕೇಳಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಾವಿಯೊಳಗಿನ ಪೈಪನ್ನು ಮೇಲೆತ್ತಿದಾಗ ತುದಿಯ ಫುಟ್‌ವಾಲ್ವಿನ ರಬ್ಬರು ಸವೆದು, ಒಂದು ಬದಿಯಲ್ಲಿ ಕಸ ಸಿಕ್ಕಿಕೊಂಡು, ಬಾಯಿ ಅರ್ಧ ತೆರೆದೇ ಇತ್ತು. ಪ್ರತಿ ಸಲ ಪಂಪ್ ನಿಲ್ಲಿಸಿದಾಗ ಪೈಪಿನ ನೀರೆಲ್ಲ ಬಾವಿಗೇ ಇಳಿದುಹೋಗಿ, ಮರುದಿನ ಮೋಟಾರು ಬರಿದೇ ತಿರುಗುತ್ತಿತ್ತು. ಊರವರ ಪಂಪುಗಳನ್ನೆಲ್ಲ ಸರಿಮಾಡುವ ಎಲೆಕ್ಟ್ರಿಶಿಯನ್ನರ ಮನೆಯ ಪಂಪು ಕೊನೆಗೆ ಸರಿಯಾಗುವುದು ಲೋಕರೂಢಿಯೇ ಇರಬೇಕು. ಸ್ನಾನದ ನೀರಿಗೆ ಗೀಸರ್ ಬಿಟ್ಟು ಬಚ್ಚಲ ಒಲೆಗೆ ಮರಳಿದೆವು. ಹಿತ್ತಿಲಿನ ತೆಂಗಿನ ಮಡಲು, ಸಿಪ್ಪೆ, ಗೆರಟೆ ಅದಕ್ಕೆ ಸಾಕು. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾಗುವುದರಿಂದ, ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಶಾಖ ಹಿಡಿದಿಡುವ ಡಬ್ಬಿಯೊಳಗಿಟ್ಟು ಮುಚ್ಚುತ್ತೇವೆ. ಇದರಿಂದ ಗ್ಯಾಸ್ ಸಿಲಿಂಡರು ಮೊದಲಿಗಿಂತ ಎದ್ದು ಕಾಣುವಷ್ಟು ಹೆಚ್ಚು ದಿನ ಬರುತ್ತದೆ.

ಮೀನಿನ ಖರ್ಚನ್ನು ಕಡಿತ ಮಾಡಿದೆವು ಎನ್ನುವುದಕ್ಕಿಂತ ಋತುವಿಗೆ ಹೊಂದಿಸಿದೆವು ಎನ್ನಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಾರುಕಟ್ಟೆಗೆ ಬರುವುದು ನಾಡದೋಣಿಯ ಮೀನು ಮತ್ತು ಹೊರಗಿನ ಐಸಿನ ಮೀನು, ಎರಡೂ ದುಬಾರಿ. ಮೇ ತಿಂಗಳಲ್ಲೇ ಒಣಮೀನು ತಂದಿಟ್ಟು, ಆಟಿಯಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳಲ್ಲಿ, ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಇವುಗಳಿಂದ ಊಟ ಸಾಗಿಸುತ್ತೇವೆ. ಉಳಿದ ಕಾಲದಲ್ಲಿ ದುಬಾರಿಯ ಅಂಜಲ್ ಮೀನು ನೆಂಟರು ಬಂದಾಗ ಮಾತ್ರ. ಮನೆಮಂದಿಗೆ ಬೂತಾಯಿ, ಬಂಗುಡೆಗಳಿಗಿಂತ ರುಚಿ ಬೇರೇನೂ ಬೇಕಾಗಿಲ್ಲ.

ಅತ್ತೆಯವರ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ವೈದ್ಯರಲ್ಲಿ ಕೇಳಿ ಮೂಲ ಔಷಧದ ಹೆಸರನ್ನೇ ಬರೆಸಿಕೊಂಡು ಜನೌಷಧಿ ಕೇಂದ್ರದಿಂದ ತರುತ್ತೇವೆ. ಅಲ್ಲಿ ಬ್ರಾಂಡೆಡ್ ಮಾತ್ರೆಗಿಂತ ಬೆಲೆ ಅರ್ಧಕ್ಕೂ ಕಡಿಮೆ. ಬಸ್ಸಿನಲ್ಲಿ ಮಾತ್ರ ಉಳಿತಾಯ ಆಗಲಿಲ್ಲ. ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸುಗಳಲ್ಲಿ, ನಾನು ಹೋಗಿಬರುವ ಹೊತ್ತಿಗೆ ಸಿಗುವುದೆಲ್ಲ ಖಾಸಗಿ ಬಸ್ಸು. ಮದುವೆ ಖರ್ಚಿನ ಬಗ್ಗೆ ಹೇಳುವುದಾದರೆ, ಮದುವೆಯ ಹಿಂದಿನ ರಾತ್ರಿಯ ಮೆಹಂದಿ ಈಗ ಎರಡನೆಯ ಮದುವೆಯೇ ಆಗಿಬಿಟ್ಟಿದೆ. ಅದಕ್ಕೆಂದು ಮನೆಮಂದಿಗೆಲ್ಲ ಪ್ರತ್ಯೇಕ ಬಟ್ಟೆ ತೆಗೆಯುವುದನ್ನು ನಾವು ಬಿಟ್ಟೆವು. ಯಾರೂ ಏನೂ ಹೇಳಲಿಲ್ಲ.

ಇವೆಲ್ಲದರಿಂದ ಉಳಿದ ಹಣ ಮನೆಯ ಡಬ್ಬಿಯಲ್ಲಿ ಕೂರದಂತೆ ನೋಡಿಕೊಂಡದ್ದೇ ಮುಖ್ಯ ಎಂದು ನನಗನಿಸುತ್ತದೆ. ಬಿಲ್ಲು ಕಡಿಮೆ ಬಂದ ತಿಂಗಳು, ಆ ವ್ಯತ್ಯಾಸವನ್ನು ಅದೇ ವಾರ ಸಂಘಕ್ಕೆ ಹೋಗಿ ಚಿನ್ನದ ಸಾಲದ ಅಸಲಿಗೆ ಕಟ್ಟಿ ರಶೀದಿ ತರುತ್ತಿದ್ದೆ, ಮುನ್ನೂರು ರೂಪಾಯಿ ಆದರೂ ಸರಿ. ಬಳೆಗಳು ಮನೆಗೆ ಬಂದ ಮೇಲೆ ಅದೇ ಹಣ ಗೃಹಸಾಲದ ಹೆಚ್ಚುವರಿ ಕಂತಿಗೆ ತಿರುಗಿತು.

ಸಾಲ ಮುಗಿದ ಮೇಲಿನ ಕಾಗದಪತ್ರದ ಕೆಲಸವನ್ನು ಹೆಚ್ಚಿನವರು ಮುಂದೂಡುತ್ತಾರೆ. ಸ್ಕೂಟರಿನ ಕೊನೆಯ ಕಂತು ಕಟ್ಟಿದ ಕೂಡಲೇ ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರವನ್ನೂ ಸಹಿ ಮಾಡಿದ 35ನೇ ನಮೂನೆಯನ್ನೂ ಪಡೆದು, ಆರ್‌ಟಿಒದಲ್ಲಿ ಆರ್‌ಸಿಯ ಮೇಲಿನ ಸಾಲದ ನಮೂದನ್ನು ತೆಗೆಸಿದೆವು. ಇದನ್ನು ಮಾಡದಿದ್ದರೆ ಮುಂದೆ ಗಾಡಿ ಮಾರುವಾಗ ತೊಂದರೆಯಾಗುತ್ತದೆ. ಕಾರ್ಡಿನ ಬಾಕಿ ಶೂನ್ಯವೆಂದು ಪತ್ರ ತರಿಸಿ, ಕೆಲವು ತಿಂಗಳ ನಂತರ ನಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯನ್ನು ನೋಡಿದೆ. ಈ ವರದಿ ವರ್ಷಕ್ಕೊಮ್ಮೆ ಅದನ್ನು ತಯಾರಿಸುವ ಪ್ರತಿಯೊಂದು ಸಂಸ್ಥೆಯಿಂದಲೂ ಉಚಿತವಾಗಿ ಸಿಗುತ್ತದೆ. ಗೃಹಸಾಲ ತೀರಿದ ಮೂವತ್ತು ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಬ್ಯಾಂಕು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರಿನಿಂದ ಇದೆ. ಯಾವ ಯಾವ ಪತ್ರಗಳನ್ನು ಬ್ಯಾಂಕಿಗೆ ಕೊಟ್ಟಿದ್ದೇವೆ ಎಂಬ ಪಟ್ಟಿಗೆ ಶಾಖೆಯ ಮೊಹರು ಹಾಕಿಸಿ, ವರ್ಷದ ಲೆಕ್ಕದ ನೋಟ್‌ಬುಕ್ಕಿನ ಜೊತೆಯಲ್ಲೇ ಇಟ್ಟಿದ್ದೇನೆ.