ಸೀಲು ಬಿದ್ದ ಚೀಟಿ

2016ರ ಬೇಸಿಗೆಯ ತನಕ ನಮ್ಮ ಮನೆಯ ಉದ್ಯೋಗ ಖಾತ್ರಿ ಜಾಬ್ ಕಾರ್ಡನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಊರಿನ ಗುತ್ತಿಗೆದಾರರೊಬ್ಬರ ಮನೆಯಲ್ಲಿ ನಮ್ಮ ಓಣಿಯ ಅಷ್ಟೂ ಕಾರ್ಡುಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದವು. ಉದ್ಯೋಗ ಖಾತ್ರಿ ಕೆಲಸದಲ್ಲಿ ಗುತ್ತಿಗೆದಾರರು ಇರಲೇಬಾರದು ಎಂದು ಕಾನೂನು ಹೇಳುತ್ತದೆ ಅನ್ನುವುದು ಗೊತ್ತಾದ ದಿನ ನಗು ಬಂತು, ಸಿಟ್ಟು ಆಮೇಲೆ ಬಂತು.

ನಮ್ಮದು ರಾಯಚೂರು ಜಿಲ್ಲೆ, ಆದರೆ ಕಾಲುವೆ ನೀರು ಹತ್ತದ ಕಡೆ. ತೊಗರಿ ಕೊಯ್ದು ರಾಶಿ ಮಾಡಿದರೆ ವರ್ಷದ ದುಡಿಮೆ ಮುಗಿದ ಹಾಗೆ. ಆಮೇಲೆ ಮನೆಗೆ ಬೀಗ, ಮುದುಕರ ಕೈಗೆ ಮಕ್ಕಳು, ಬೆಂಗಳೂರಿಗೆ ಗುಳೆ. ನಾನೂ ನಾಲ್ಕು ವರ್ಷ ಅಲ್ಲಿ ಇಟ್ಟಿಗೆ ಹೊತ್ತವಳೇ. ಆ ಸಲ ಅತ್ತೆಗೆ ಮೈ ಸರಿ ಇರಲಿಲ್ಲವೆಂದು ಊರಲ್ಲೇ ಉಳಿದೆ. ತಾಲ್ಲೂಕಿನಲ್ಲಿ ಕೂಲಿಕಾರರಿಗೆ ಎರಡು ದಿನದ ತರಬೇತಿ ಇತ್ತು, ಊಟ ಕೊಡುತ್ತಾರೆ ಅಂದರು, ಹೋದೆ. ಅಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ತಲೆಗೆ ಹೋಗಲಿಲ್ಲ. ಉಳಿದದ್ದು ಒಂದೇ: ನಮೂನೆ 6. ಅದರಲ್ಲಿ ಕೆಲಸ ಕೇಳಿದರೆ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ.

ಹದಿನಾಲ್ಕು ಹೆಂಗಸರು ಪಂಚಾಯ್ತಿಗೆ ಹೋದೆವು. ಆಪರೇಟರ್ ಹುಡುಗ ಬಹಳ ಮರ್ಯಾದೆಯಿಂದ ಅರ್ಜಿ ಇಸಿದುಕೊಂಡ. "ಆತು, ಹೋಗ್ರಿ. ಕೆಲಸ ಬಂದಾಗ ಹೇಳ್ತೀವಿ." ಖುಷಿಯಿಂದ ಮನೆಗೆ ಬಂದೆವು. ಮೂರು ವಾರ ಕಾದು ಮತ್ತೆ ಹೋದರೆ, "ಯಾವ ಅರ್ಜಿ? ಯಾವಾಗ ಕೊಟ್ರಿ?"

ಅವನನ್ನು ಬೈದು ಏನು ಪ್ರಯೋಜನ? ಕೊಟ್ಟಿದ್ದಕ್ಕೆ ನಮ್ಮ ಹತ್ತಿರ ಗುರುತೇ ಇರಲಿಲ್ಲ. ಅರ್ಜಿಯ ಜೊತೆಗೇ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಇಸಿದುಕೊಳ್ಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅದೇನು ದೊಡ್ಡ ವಿಷಯ ಅಂದುಕೊಂಡು ಬಿಟ್ಟಿದ್ದೆ. 15 ದಿನ ಎಣಿಸುವುದು ಆ ಚೀಟಿಯ ದಿನಾಂಕದಿಂದ. ಆಗ ಕೂಲಿ ಕೇಂದ್ರದ ದುಡ್ಡು, ಭತ್ಯೆ ರಾಜ್ಯದ ದುಡ್ಡು. ಚೀಟಿ ಕೊಟ್ಟರೆ ನಾಳೆ ಭತ್ಯೆಯ ತಕರಾರು ತಮ್ಮ ತಲೆಗೆ ಸುತ್ತಿಕೊಳ್ಳುತ್ತದೆ ಎಂಬ ಅಂಜಿಕೆ ಕಚೇರಿಯವರಿಗೆ.

ಎರಡನೇ ಸಲ ಚೀಟಿ ಇಲ್ಲದೆ ಏಳುವುದಿಲ್ಲ ಎಂದು ಜಗುಲಿಯ ಮೇಲೆ ಕೂತೆವು. ಘೋಷಣೆ ಗೀಷಣೆ ಏನಿಲ್ಲ. ರೊಟ್ಟಿ ಬುತ್ತಿ ತಂದಿದ್ದೆವು. ಮಧ್ಯಾಹ್ನದ ಹೊತ್ತಿಗೆ "ಸಾಹೇಬ್ರು ಇಲ್ಲ" ಅಂದರು. ಸಾಹೇಬರು ಬಂದ ಮೇಲೆ "ಸೀಲು ಕಪಾಟಿನ್ಯಾಗ ಐತಿ, ಕೀಲಿ ಇಲ್ಲ" ಅಂದರು. ನಮ್ಮಲ್ಲಿ ಒಬ್ಬಾಕೆ ಕೂಸಿಗೆ ಹಾಲು ಕುಡಿಸುತ್ತಲೇ, "ಸರ, ಕೀಲಿ ಸಿಗೂತನ ನಾವೂ ಇಲ್ಲೇ ಇರ್ತೀವಿ, ನಮಗೂ ಕೆಲಸಿಲ್ಲ" ಅಂದಳು. ಐದಕ್ಕೆ ಐದು ನಿಮಿಷ ಇರುವಾಗ ಕೀಲಿ ಸಿಕ್ಕಿತು.

ಹನ್ನೊಂದನೇ ದಿನಕ್ಕೆ ಕೆರೆ ಹೂಳೆತ್ತುವ ಕೆಲಸ ಬಂತು. ಆಗ ದಿನಗೂಲಿ 224 ರೂಪಾಯಿ, ಗಂಡಸಿಗೂ ಹೆಂಗಸಿಗೂ ಒಂದೇ. ಹೊಲದ ಕೆಲಸದಲ್ಲಿ ನಮಗೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ಆದರೆ ಇಲ್ಲಿ ಪೂರ್ತಿ ಕೂಲಿ ಗುಂಪು ತೋಡಿದ ಮಣ್ಣಿನ ಅಳತೆಗೆ ತಕ್ಕ ಹಾಗೆ. ಗುಂಪಿನಲ್ಲಿದ್ದ ಇಬ್ಬರು ಮುದುಕಿಯರಿಗೆ ಅಷ್ಟು ಅಗೆಯಲು ಆಗದು. "ಅವರ ಪಾಲೂ ನಾವ ತೋಡಬೇಕೇನು?" ಎಂದು ಜಗಳ ಎದ್ದಿತು. ಕಚೇರಿಯ ಮುಂದೆ ಕೂರುವುದಕ್ಕಿಂತ ಈ ಜಗಳ ಬಿಡಿಸುವುದು ಕಷ್ಟವಾಯಿತು. ಕಡೆಗೆ ನೀರು ಕೊಡುವುದು, ಗಿಡದ ನೆರಳಲ್ಲಿ ಕೂಸುಗಳನ್ನು ನೋಡಿಕೊಳ್ಳುವುದು ಮುದುಕಿಯರ ಪಾಲಿಗೆ ಬಂತು. ಎಲ್ಲರೂ ಮನಸಾರೆ ಒಪ್ಪಿದರು ಅಂತ ಹೇಳಲಾರೆ.

ನನ್ನ ದೊಡ್ಡ ತಪ್ಪು ಇನ್ನೂ ಮುಂದಿತ್ತು. ಸುದ್ದಿ ಹಬ್ಬಿ ಮರುವರ್ಷ ಅರವತ್ತು ಜನ ಆದರು. ಏಳನೇ ಇಯತ್ತೆ ಓದಿದವಳು ನಾನೊಬ್ಬಳೇ ಎಂದು ಎಲ್ಲರ ನಮೂನೆ 6 ನಾನೇ ತುಂಬುತ್ತಿದ್ದೆ. ಕೂಲಿ ಜಮೆ ಆಯಿತೇ ಎಂದು ಬ್ಯಾಂಕಿನಲ್ಲಿ ಕೇಳುತ್ತಿದ್ದವಳೂ ನಾನೇ. ಕಳೆದುಹೋಗಬಾರದೆಂದು ಕಾರ್ಡು, ಪಾಸ್‌ಬುಕ್ಕು ನಮ್ಮ ಟ್ರಂಕಿಗೆ ಬಂದವು. ಹೆಸರಿನ ಮುಂದೆ "ಅಕ್ಕ" ಸೇರಿಕೊಂಡಿತು, ಹಿತವಾಗೇ ಇತ್ತು. ಒಂದು ರಾತ್ರಿ ಅತ್ತೆ ಟ್ರಂಕು ನೋಡಿ ಅಂದಳು: "ಮದ್ಲ ಅವನ ಮನ್ಯಾಗ ಇದ್ವು, ಈಗ ನಿನ್ನ ಮನ್ಯಾಗ ಅದಾವ. ಕಾರ್ಡಿಗೆ ಮನಿ ಬದಲಾತು, ಅಷ್ಟ."

ಮೂರು ದಿನ ಆಕೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಕಾರ್ಡುಗಳನ್ನೆಲ್ಲ ಮನೆಮನೆಗೆ ಹಂಚಿ ಬಂದೆ. "ಯಾಕ, ಸಿಟ್ಟಾದಿ?" ಅಂತ ಕೆಲವರು ಕೇಳಿದರು. ಹೈಸ್ಕೂಲಿಗೆ ಹೋಗುವ ಹುಡುಗಿಯರನ್ನು ಕೂರಿಸಿ, ತಮ್ಮ ತಾಯಂದಿರ ಅರ್ಜಿ ತಾವೇ ತುಂಬುವಂತೆ ಮಾಡಲು ಒಂದು ಹಂಗಾಮು ಹಿಡಿಯಿತು. ತಪ್ಪು ತುಂಬಿದ ಅರ್ಜಿಗಳು ವಾಪಸ್ ಬಂದವು, ನಾನು ಬರೆದಿದ್ದರೆ ಬರುತ್ತಿರಲಿಲ್ಲ. ಎರಡು ಮನೆಯವರು ಬೇಸತ್ತು ಬೆಂಗಳೂರಿಗೆ ಹೋದರು. ಅದು ಇವತ್ತಿಗೂ ಚುಚ್ಚುತ್ತದೆ.

ಈಗ ಅರ್ಜಿ ಕೊಡಲು ನಾನು ಜೊತೆಗೆ ಹೋಗುವುದಿಲ್ಲ. ಒಂದು ದಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಒಳಗೆ, ಅವತ್ತು ಜಗುಲಿಯ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದವಳ ದನಿ: "ಸರ, ಇವತ್ತು ಹದಿನೆಂಟು. ಇಲ್ಲಿ ಇಪ್ಪತ್ತು ಅಂತ ಬರದೀರಿ. ಬ್ಯಾರೆ ಚೀಟಿ ಕೊಡ್ರಿ."

ನಿರುದ್ಯೋಗ ಭತ್ಯೆ ಮಾತ್ರ ನಮ್ಮೂರಲ್ಲಿ ಒಬ್ಬರಿಗೂ ಬಂದಿಲ್ಲ. ಮೊದಲ ಸಲದ ಹದಿನಾಲ್ಕು ಅರ್ಜಿಗಳಿಗಂತೂ ಕೇಳುವ ಹಾಗೂ ಇರಲಿಲ್ಲ. ಆಮೇಲೆ ಒಂದು ವರ್ಷ ಕೆಲಸ ತಡವಾದಾಗ ಕೇಳಿದ್ದೇವೆ, ತಾಲ್ಲೂಕು ಪಂಚಾಯ್ತಿಯಲ್ಲಿ ಕಡತ ಇದೆ ಅನ್ನುತ್ತಾರೆ. ಅದರ ಚೀಟಿಯೂ ಸೀಲು ಸಮೇತ ಇದೆ. ನನ್ನ ಟ್ರಂಕಿನಲ್ಲಲ್ಲ, ಅವಳ ಮನೆಯಲ್ಲಿ.