ಮೊಣಗಂಟಿನೊಳಗಿನ ಉರಿಯೂತವನ್ನು ಗುರುತಿಸುವುದು ಹೇಗೆ?

ಉಡುಪಿ ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರಾಗಲಿ, ಮನೆಯಲ್ಲೇ ಬೀಡಿ ಕಟ್ಟುವವರಾಗಲಿ ತಾಸುಗಟ್ಟಲೆ ಕಾಲು ಮಡಚಿ ಕುಳಿತು ಏಳುವಾಗ ‘ಗಂಟು ಸವೆದಿದೆ’ ಎನ್ನುವುದುಂಟು. ಆದರೆ ಕೀಲಿನ ಮೃದ್ವಸ್ಥಿ (ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಪದರ) ಬರಿಯ ತಿಕ್ಕಾಟದಿಂದ ನಾಶವಾಗುವುದಿಲ್ಲ. ಸೈಟೊಕೈನ್ ಎಂಬ ಸಂಕೇತ ಪ್ರೋಟೀನುಗಳ ಪ್ರಚೋದನೆಯಿಂದ ಅದರ ಜೀವಕೋಶಗಳೇ ಅದನ್ನು ಕರಗಿಸುತ್ತವೆ. ಆದ್ದರಿಂದ ಮದ್ದು ಹುಡುಕುವ ಮೊದಲು ಒಳಗೆ ಉರಿಯೂತವಿದೆಯೇ ಎಂದು ನೋಡಿಕೊಳ್ಳಬೇಕು.

ಮೊದಲಿಗೆ ಒಳಗೆ ನಡೆಯುವುದನ್ನು ತಿಳಿಯೋಣ. ಮೃದ್ವಸ್ಥಿಯಲ್ಲಿ ಕೊಲಾಜೆನ್ ಎಳೆಗಳ ಬಲೆಯಿದೆ; ಅದರ ನಡುವೆ ಅಗ್ರೆಕಾನ್ ಎಂಬ ಅಣುಗಳು ನೀರನ್ನು ಹಿಡಿದಿಟ್ಟು ಭಾರ ತಡೆಯುತ್ತವೆ. ಪೆಟ್ಟು, ಅತಿಭಾರ ಅಥವಾ ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯ ಕಾರಣದಿಂದ ಕೀಲಿನ ಒಳಪೊರೆ ಕೆರಳಿದಾಗ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸೈಟೊಕೈನುಗಳು ಹೆಚ್ಚುತ್ತವೆ. ಇವುಗಳ ಸಂಕೇತ ತಲುಪಿದ ಮೃದ್ವಸ್ಥಿ ಕೋಶವು ಹೊಸ ಕೊಲಾಜೆನ್ ತಯಾರಿಕೆಯನ್ನು ತಗ್ಗಿಸಿ, ಕತ್ತರಿಸುವ ಕಿಣ್ವಗಳನ್ನು ಸ್ರವಿಸತೊಡಗುತ್ತದೆ. ಎಡಿಎಎಂಟಿಎಸ್-5 ಎಂಬ ಕಿಣ್ವ ಅಗ್ರೆಕಾನನ್ನು ತುಂಡರಿಸಿದರೆ, ಎಂಎಂಪಿ-13 ಎಂಬುದು ಕೊಲಾಜೆನನ್ನೇ ಕಡಿಯುತ್ತದೆ. ಅಗ್ರೆಕಾನ್ ನಷ್ಟವನ್ನು ದೇಹ ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಲ್ಲದು, ಆದರೆ ಕೊಲಾಜೆನ್ ಬಲೆ ಹರಿದ ಮೇಲೆ ಅದು ಮೊದಲಿನಂತಾಗುವುದಿಲ್ಲ. ಸಾಲದ್ದಕ್ಕೆ, ಕಡಿದ ಚೂರುಗಳೇ ಒಳಪೊರೆಯನ್ನು ಮತ್ತೆ ಕೆರಳಿಸುತ್ತವೆ. ಮೃದ್ವಸ್ಥಿಗೆ ನರಗಳಿಲ್ಲದ ಕಾರಣ ಈ ನಾಶದ ಆರಂಭ ನಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯದಾಗಿ, ಬೆಳಿಗ್ಗೆ ಎದ್ದಾಗ ಕೀಲಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಗಮನಿಸಿ. ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಹೆಚ್ಚಾಗಿ ವಯೋಸಹಜ ಆಸ್ಟಿಯೊಆರ್ಥ್ರೈಟಿಸ್. ಒಂದು ಗಂಟೆಗೂ ಮೀರಿದರೆ, ಅದರಲ್ಲೂ ಎರಡೂ ಕೈಗಳ ಬೆರಳ ಗಂಟುಗಳು ಊದಿದ್ದರೆ, ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅಂಗೈಯ ಹಿಂಭಾಗವನ್ನು ಒಂದು ಮೊಣಗಂಟಿಗೂ ಬಳಿಕ ಇನ್ನೊಂದಕ್ಕೂ ಇಟ್ಟು ಬಿಸಿಯನ್ನು ಹೋಲಿಸಿ ನೋಡಿ; ಒಂದು ಹೆಚ್ಚು ಬಿಸಿಯಿದ್ದರೆ ಒಳಗೆ ಉರಿಯೂತವಿರಬಹುದು.

ಅನುಮಾನ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಉರಿಯೂತವನ್ನು ಅಳೆಯುವ ಇಎಸ್‌ಆರ್, ಸಿಆರ್‌ಪಿ ಮತ್ತು ರುಮಟಾಯ್ಡ್‌ನ ಸುಳಿವು ಕೊಡುವ ಆ್ಯಂಟಿ-ಸಿಸಿಪಿ ರಕ್ತಪರೀಕ್ಷೆಗಳು ರೋಗನಿರ್ಣಯಕ್ಕೆ ನೆರವಾಗುತ್ತವೆ. ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳು 1990ರ ದಶಕದ ಕೊನೆಯಲ್ಲಿ ಬಂದು ರುಮಟಾಯ್ಡ್ ರೋಗಿಗಳ ಬಾಳನ್ನೇ ಬದಲಿಸಿದವು. ಆಸ್ಟಿಯೊಆರ್ಥ್ರೈಟಿಸ್‌ನಲ್ಲಿ ಅಂಥ ಫಲ ಸಿಕ್ಕಿಲ್ಲ. ರೋಗ ಯಾವುದೆಂದು ತಿಳಿಯದೆ ಯಾರೋ ಕೊಟ್ಟ ಗುಳಿಗೆ ನುಂಗುವುದು ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಕೊಬ್ಬಿನ ಅಂಗಾಂಶವೂ ಇಂಟರ್‌ಲ್ಯೂಕಿನ್-6 ಸ್ರವಿಸುವುದರಿಂದ ತೂಕ ಇಳಿಸಿದರೆ ಭಾರದ ಜೊತೆಗೆ ಉರಿಯೂತವೂ ತಗ್ಗುತ್ತದೆ. ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಗಂಟಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೊದಷ್ಟು ಕಡಿಮೆಯಾಗುತ್ತದೆ. ಕಾಲು ನೀಡಿ ಕುಳಿತು, ಸುರುಳಿ ಸುತ್ತಿದ ಬೈರಾಸನ್ನು ಮೊಣಗಂಟಿನಡಿ ಇಟ್ಟು, ತೊಡೆಯ ಸ್ನಾಯು ಬಿಗಿಯಾಗುವಂತೆ ಅದನ್ನು ಐದು ಸೆಕೆಂಡು ಕೆಳಕ್ಕೆ ಒತ್ತಿ ಬಿಡಿ. ಹೀಗೆ ಹತ್ತು ಸಲ ಮಾಡಿ. ಹೂ ಕಟ್ಟುವಾಗ ನೆಲಕ್ಕಿಂತ ಕುರ್ಚಿ ಒಳ್ಳೆಯದು.

ಜ್ವರದೊಂದಿಗೆ ಒಂದೇ ಗಂಟು ಹಠಾತ್ತನೆ ಊದಿ ಬಿಸಿಯಾದರೆ ಅದು ಸೋಂಕಿರಬಹುದು. ಅಂಥ ಸೋಂಕು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ಹಾಳುಗೆಡವುವುದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.